ಸಂಜೀವಕ ಮಣಿ

ಸಂಜೀವಕ ಮಣಿಯು ಮಹಾಭಾರತದ ಅಶ್ವಮೇಧ ಕಥಾಭಾಗದಲ್ಲಿ ಬರುವ, ಸತ್ತವರನ್ನು ಬದುಕಿಸುವ ಶಕ್ತಿಯುಳ್ಳ ದಿವ್ಯರತ್ನ. ಇದು ಪಾತಾಳದ ನಾಗರಾಜ್ಯಕ್ಕೆ ಸೇರಿದುದು. ನಾಗಕುಲದ ಪ್ರಾಣರಕ್ಷಣೆಗೆ ಆಧಾರವಾದುದು. ಮಗನಾದ ಬಭ್ರುವಾಹನನ ಬಾಣದಿಂದ ಮಡಿದ ಅರ್ಜುನನು ಈ ಮಣಿಯ ಸ್ಪರ್ಶದಿಂದ ಮರಳಿ ಜೀವ ಪಡೆದನೆಂಬುದು ಕಥೆ. ವ್ಯಾಸಭಾರತದಲ್ಲಿ ಸಂಕ್ಷೇಪವಾಗಿ ಮುಗಿಯುವ ಈ ಪ್ರಸಂಗವು ಜೈಮಿನಿಯ ಹೆಸರಿನಲ್ಲಿರುವ ಸಂಸ್ಕೃತ ಅಶ್ವಮೇಧ ಪರ್ವದಲ್ಲಿಯೂ ಅದನ್ನು ಅನುಸರಿಸಿದ ಲಕ್ಷ್ಮೀಶ ಕವಿಯ ಕನ್ನಡ ಜೈಮಿನಿ ಭಾರತದಲ್ಲಿಯೂ ವಿಸ್ತಾರವಾಗಿ ಬೆಳೆದಿದೆ. ಲಕ್ಷ್ಮೀಶನ ಊರು ಚಿಕ್ಕಮಗಳೂರು ಜಿಲ್ಲೆಯ ಕಡೂರು ತಾಲ್ಲೂಕಿನ ದೇವನೂರು ಎಂದು ಸಾಮಾನ್ಯವಾಗಿ ಪರಿಗಣಿಸಲಾಗಿದೆ.

ಒಂದು ರಾಜ್ಯವನ್ನು ಕಾಪಾಡುವ ಮಣಿಯನ್ನು ಬೇರೊಬ್ಬರ ಪ್ರಾಣ ಉಳಿಸಲು ಕೊಡಬಹುದೇ, ಕೊಡಬಾರದೇ ಎಂಬ ಪ್ರಶ್ನೆಯು ಜೈಮಿನಿ ಪರಂಪರೆಯ ಕಥೆಯ ಕೇಂದ್ರದಲ್ಲಿದೆ. ಇದೇ ಈ ಪ್ರಸಂಗವನ್ನು ಇತರ ದಿವ್ಯರತ್ನಗಳ ಕಥೆಗಳಿಂದ ಬೇರೆಯಾಗಿಸುತ್ತದೆ.

ಹೆಸರು ಮತ್ತು ಅರ್ಥ

'ಸಂಜೀವಕ' ಎಂದರೆ ಚೆನ್ನಾಗಿ ಬದುಕಿಸುವುದು, ಜೀವವನ್ನು ಮರಳಿ ತರುವುದು ಎಂದರ್ಥ. ಇದೇ ಮಣಿಯನ್ನು ಸಂಜೀವನ ಮಣಿ, ಸಂಜೀವಿನಿ ಮಣಿ ಎಂದೂ ಕರೆಯುವುದುಂಟು. ರಾಮಾಯಣದಲ್ಲಿ ಹನುಮಂತನು ತಂದ ಸಂಜೀವಿನಿಯು ಮೂಲಿಕೆ, ಶುಕ್ರಾಚಾರ್ಯನಿಗೆ ತಿಳಿದಿದ್ದ ಮೃತಸಂಜೀವಿನಿಯು ಮಂತ್ರವಿದ್ಯೆ, ಇಲ್ಲಿಯದು ರತ್ನ. ಮೂರರ ಪ್ರಯೋಜನವೂ ಒಂದೇ ಬಗೆಯದಾದುದರಿಂದ ಹೆಸರುಗಳು ಒಂದೇ ಧಾತುವಿನಿಂದ ಹುಟ್ಟಿವೆ. ವಿದ್ಯಾರ್ಥಿಗಳು ಈ ಮೂರನ್ನು ಒಂದೆಂದು ತಿಳಿಯಬಾರದು.

ಸರ್ಪಗಳ ಹೆಡೆಯಲ್ಲಿ ಬೆಳಗುವ ರತ್ನವಿರುತ್ತದೆ ಎಂಬ ನಂಬಿಕೆ ಭಾರತೀಯ ಸಾಹಿತ್ಯದಲ್ಲಿಯೂ ಜನಪದ ಕಥೆಗಳಲ್ಲಿಯೂ ಹಳೆಯದು. ಅದನ್ನು ನಾಗಮಣಿ, ಫಣಿಮಣಿ ಎನ್ನುತ್ತಾರೆ. ಸಂಜೀವಕ ಮಣಿಯು ಈ ನಂಬಿಕೆಗೆ ಹತ್ತಿರವಾದುದಾದರೂ ಒಂದು ಸರ್ಪದ ಹೆಡೆಯ ಆಭರಣವಲ್ಲ. ಇಡೀ ನಾಗಕುಲದ ಸೊತ್ತು.

ವ್ಯಾಸಭಾರತದಲ್ಲಿ

ವ್ಯಾಸಭಾರತದ ಆದಿಪರ್ವದ ಪ್ರಕಾರ ಅರ್ಜುನನು ತೀರ್ಥಯಾತ್ರೆಯ ಕಾಲದಲ್ಲಿ ನಾಗಕನ್ಯೆಯಾದ ಉಲೂಪಿಯನ್ನೂ ಮಣಿಪುರದ ಅರಸ ಚಿತ್ರವಾಹನನ ಮಗಳಾದ ಚಿತ್ರಾಂಗದೆಯನ್ನೂ ವರಿಸುತ್ತಾನೆ. ಚಿತ್ರಾಂಗದೆಯ ಮಗನೇ ಬಭ್ರುವಾಹನ. ಅವನು ತಾಯಿಯ ತಂದೆಯ ರಾಜ್ಯಕ್ಕೆ ಉತ್ತರಾಧಿಕಾರಿಯಾಗಿ ಮಣಿಪುರದಲ್ಲಿಯೇ ಬೆಳೆಯುತ್ತಾನೆ. ಅರ್ಜುನನು ಕಳಿಂಗವನ್ನು ದಾಟಿ ಕಡಲ ತೀರದ ದಾರಿಯಲ್ಲಿ ಸಾಗಿ ಈ ಪಟ್ಟಣವನ್ನು ತಲುಪಿದನೆಂದು ಅಲ್ಲಿ ಹೇಳಿದೆ. ಆದುದರಿಂದ ಹೆಸರಿನ ಸಾಮ್ಯವೊಂದನ್ನೇ ಹಿಡಿದು ಇದನ್ನು ಇಂದಿನ ಮಣಿಪುರ ರಾಜ್ಯವೆಂದು ನಿಶ್ಚಯಿಸುವುದು ಸರಿಯಲ್ಲ.

ಕುರುಕ್ಷೇತ್ರ ಯುದ್ಧದ ನಂತರ ಯುಧಿಷ್ಠಿರನು ಅಶ್ವಮೇಧ ಯಾಗವನ್ನು ಕೈಗೊಳ್ಳುತ್ತಾನೆ. ಯಾಗದ ಕುದುರೆಯ ಬೆಂಗಾವಲಿಗೆ ಹೊರಟ ಅರ್ಜುನನು ಮಣಿಪುರಕ್ಕೆ ಬಂದಾಗ ಬಭ್ರುವಾಹನನು ವಿನಯದಿಂದ ಎದುರುಗೊಳ್ಳುತ್ತಾನೆ. ಆಯುಧ ಹಿಡಿದು ಬಂದವನನ್ನು ಕ್ಷತ್ರಿಯನಾದವನು ಹೀಗೆ ಸ್ವಾಗತಿಸಬಾರದೆಂದು ಅರ್ಜುನನು ಮಗನನ್ನು ಗದರುತ್ತಾನೆ. ಭೂಮಿಯನ್ನು ಭೇದಿಸಿ ಬಂದ ಉಲೂಪಿಯು ಬಭ್ರುವಾಹನನನ್ನು ಯುದ್ಧಕ್ಕೆ ಪ್ರೇರೇಪಿಸುತ್ತಾಳೆ. ಯುದ್ಧದಲ್ಲಿ ತಂದೆ ಬೀಳುತ್ತಾನೆ. ಅದನ್ನು ಕಂಡು ಮಗನೂ ಮೂರ್ಛೆ ಹೋಗುತ್ತಾನೆ. ಚಿತ್ರಾಂಗದೆಯ ಶೋಕವನ್ನೂ ಎಚ್ಚೆತ್ತ ಬಭ್ರುವಾಹನನ ಪ್ರಾಯೋಪವೇಶದ ನಿಶ್ಚಯವನ್ನೂ ಕಂಡ ಉಲೂಪಿಯು ಮನಸ್ಸಿನಲ್ಲಿ ಸಂಜೀವನ ಮಣಿಯನ್ನು ನೆನೆಯುತ್ತಾಳೆ. ನೆನೆದೊಡನೆ ಮಣಿ ಬರುತ್ತದೆ. ಮಡಿದ ನಾಗರಾಜರನ್ನು ಮತ್ತೆ ಮತ್ತೆ ಬದುಕಿಸುವ ಮಣಿ ಇದೆಂದು ವಿವರಿಸಿ ಅದನ್ನು ಬಭ್ರುವಾಹನನ ಕೈಗೆ ಕೊಡುತ್ತಾಳೆ. ಅವನು ಅದನ್ನು ತಂದೆಯ ಎದೆಯ ಮೇಲಿಡಲು ಅರ್ಜುನನು ದೀರ್ಘ ನಿದ್ರೆಯಿಂದ ಎದ್ದವನಂತೆ ಏಳುತ್ತಾನೆ.

ಬಳಿಕ ಉಲೂಪಿಯು ಇದರ ಹಿನ್ನೆಲೆಯನ್ನು ತಿಳಿಸುತ್ತಾಳೆ. ಶಿಖಂಡಿಯನ್ನು ಮುಂದಿಟ್ಟುಕೊಂಡು ಭೀಷ್ಮನನ್ನು ಕೆಡವಿದುದಕ್ಕಾಗಿ ವಸುಗಳು ಗಂಗೆಯ ಸಮ್ಮತಿಯೊಡನೆ ಅರ್ಜುನನನ್ನು ಶಪಿಸಿದ್ದರು. ಮಗನ ಕೈಯಿಂದ ರಣರಂಗದಲ್ಲಿ ಬಿದ್ದಾಗ ಮಾತ್ರ ಶಾಪ ಕಳೆಯುವಂತಿತ್ತು. ಉಲೂಪಿಯು ಯುದ್ಧವನ್ನು ಹೂಡಿದುದು ಗಂಡನನ್ನು ಈ ಶಾಪದಿಂದ ಬಿಡಿಸಲೆಂದೇ. ಈ ಪಾಠದಲ್ಲಿ ಮಣಿಗಾಗಿ ವಾದವಿಲ್ಲ, ಯುದ್ಧವಿಲ್ಲ.

ಲಕ್ಷ್ಮೀಶ ಮತ್ತು ಜೈಮಿನಿ ಭಾರತ

ವ್ಯಾಸರ ಶಿಷ್ಯನಾದ ಜೈಮಿನಿಯು ರಚಿಸಿದನೆನ್ನಲಾದ ಭಾರತದಲ್ಲಿ ಅಶ್ವಮೇಧ ಪರ್ವವು ಪ್ರಸಿದ್ಧವಾಗಿ ಉಳಿದುಬಂದಿದೆ. ಇದನ್ನು ಆಧರಿಸಿ ಹಲವು ಭಾರತೀಯ ಭಾಷೆಗಳಲ್ಲಿ ಕಾವ್ಯಗಳು ಹುಟ್ಟಿದವು. ಅಕ್ಬರನ ಆಸ್ಥಾನದಲ್ಲಿ ಸಿದ್ಧವಾದ ಮಹಾಭಾರತದ ಪಾರಸಿ ಅನುವಾದವಾದ 'ರಜ್ಮ್‌ನಾಮಾ' ಸಹ ಅಶ್ವಮೇಧ ಭಾಗಕ್ಕೆ ವ್ಯಾಸರ ಪಾಠವನ್ನು ಬಿಟ್ಟು ಜೈಮಿನಿಯ ಪಾಠವನ್ನೇ ಅನುಸರಿಸಿತು. ಜೈಮಿನಿಯ ಕಥೆಗಳಿಗೆ ಇದ್ದ ಜನಪ್ರಿಯತೆಯನ್ನು ಇದರಿಂದ ತಿಳಿಯಬಹುದು.

ಕನ್ನಡದಲ್ಲಿ ಈ ಕಥೆಯನ್ನು ವಾರ್ಧಕ ಷಟ್ಪದಿಯಲ್ಲಿ ಹಾಡಿದವನು ಲಕ್ಷ್ಮೀಶ. ಅವನ ಕಾವ್ಯದಲ್ಲಿ 34 ಸಂಧಿಗಳಿವೆ. ಆರು ಸಾಲುಗಳ ಈ ಛಂದಸ್ಸಿನಲ್ಲಿ 1, 2, 4 ಮತ್ತು 5ನೆಯ ಸಾಲುಗಳಲ್ಲಿ ಐದು ಮಾತ್ರೆಯ ನಾಲ್ಕು ಗಣಗಳೂ, 3 ಮತ್ತು 6ನೆಯ ಸಾಲುಗಳಲ್ಲಿ ಅಂಥ ಆರು ಗಣಗಳೂ ಕೊನೆಗೊಂದು ಗುರುವೂ ಬರುತ್ತವೆ. ಗಮಕಿಗಳಿಗೆ ಪ್ರಿಯವಾದ ಕಾವ್ಯಗಳಲ್ಲಿ ಇದೂ ಒಂದು. ಉಪಮೆಗಳ ಸಮೃದ್ಧಿಯಿಂದಾಗಿ ಕವಿಗೆ 'ಉಪಮಾಲೋಲ' ಎಂಬ ಹೆಸರು ಬಂದಿತು. 'ಕರ್ಣಾಟ ಕವಿಚೂತವನಚೈತ್ರ' ಎಂಬುದು ಅವನ ಬಿರುದು.

ಲಕ್ಷ್ಮೀಶನು ಭಾರದ್ವಾಜ ಗೋತ್ರದ ಅಣ್ಣಮಾಂಕನ ಮಗ. ಅವನ ಕಾಲದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. 16ನೆಯ ಶತಮಾನದಿಂದ 17ನೆಯ ಶತಮಾನದ ಕೊನೆಯವರೆಗೆ ಬೇರೆ ಬೇರೆ ಕಾಲಗಳನ್ನು ಸೂಚಿಸಲಾಗಿದೆ. ಕಾವ್ಯದಲ್ಲಿ ಅವನು ತನ್ನ ಆರಾಧ್ಯದೈವವಾದ ದೇವಪುರದ ಲಕ್ಷ್ಮೀಪತಿಯನ್ನು ಸ್ಮರಿಸುತ್ತಾನೆ. ಸುರಪುರದ ಕಡೆಯ ದೇವಪುರವೇ ಇದೆಂದು ವಾದಿಸಿದವರೂ ಇದ್ದಾರೆ. ಆದರೆ ಲಕ್ಷ್ಮೀಕಾಂತ ಸ್ವಾಮಿಯ ದೇವಾಲಯವಿರುವ ಕಡೂರು ತಾಲ್ಲೂಕಿನ ದೇವನೂರೇ ಆ ದೇವಪುರವೆಂಬ ಅಭಿಪ್ರಾಯವು ಹೆಚ್ಚು ಬಳಕೆಯಲ್ಲಿದೆ.

ಜೈಮಿನಿ ಭಾರತದಲ್ಲಿ ಮಣಿಯ ಕಥೆ

ಮಣಿಪುರದ ಯುದ್ಧ

ಯಾಗದ ಕುದುರೆಯನ್ನು ಕಟ್ಟಿದ ಬಭ್ರುವಾಹನನು ಬಂದವನು ತನ್ನ ತಂದೆಯೆಂದು ತಿಳಿದೊಡನೆ ಕಾಣಿಕೆಗಳೊಂದಿಗೆ ಹೋಗಿ ಅರ್ಜುನನ ಕಾಲಿಗೆರಗುತ್ತಾನೆ. ಅರ್ಜುನನು ಅವನನ್ನು ಒದ್ದು, ಅಭಿಮನ್ಯುವಿನೊಡನೆ ಹೋಲಿಸಿ ಹೀಯಾಳಿಸಿ, ಅವನ ಹುಟ್ಟನ್ನೂ ತಾಯಿಯ ಶೀಲವನ್ನೂ ನಿಂದಿಸುತ್ತಾನೆ. ವ್ಯಾಸಭಾರತದ ಅರ್ಜುನನು ಮಗನ ಕ್ಷಾತ್ರವನ್ನು ಪ್ರಶ್ನಿಸಿದರೆ ಇಲ್ಲಿಯ ಅರ್ಜುನನು ಅವನ ಜನ್ಮವನ್ನೇ ಪ್ರಶ್ನಿಸುತ್ತಾನೆ. ತಾಯಿಗಾದ ಅಪಮಾನವನ್ನು ಸಹಿಸದೆ ಬಭ್ರುವಾಹನನು ಯುದ್ಧಕ್ಕೆ ನಿಲ್ಲುತ್ತಾನೆ. ತಂದೆ ಮಕ್ಕಳ ಈ ಕಾಳಗಕ್ಕೆ ಸಮಾನವಾಗಿ ಕಾವ್ಯದಲ್ಲಿ ಇದೇ ಸಂದರ್ಭದಲ್ಲಿ ಸೀತಾಪರಿತ್ಯಾಗ ಮತ್ತು ಕುಶಲವರ ಕಥೆ ಬರುತ್ತದೆ.

ಯುದ್ಧದಲ್ಲಿ ಕರ್ಣನ ಮಗ ವೃಷಕೇತುವೂ ನಂತರ ಅರ್ಜುನನೂ ಮಡಿಯುತ್ತಾರೆ. ಅರ್ಜುನನ ಶಿರವು ಬೇರೆಯಾಗುತ್ತದೆ. ಇದಕ್ಕೆ ಕಾರಣವಾದ ಶಾಪದ ಕಥೆಯೂ ಇಲ್ಲಿ ಬೇರೆ. ಅರ್ಜುನನಿಗೆ ಸೋತ ನೀಲಧ್ವಜ ರಾಜನ ಹೆಂಡತಿ ಜ್ವಾಲೆಯು ಸೇಡಿಗಾಗಿ ಗಂಗೆಯನ್ನು ಕೆರಳಿಸಿ ಶಾಪ ಕೊಡಿಸುತ್ತಾಳೆ; ತಾನು ಬೆಂಕಿಯಲ್ಲಿ ಬಿದ್ದು ಬಾಣವಾಗಿ ಬಭ್ರುವಾಹನನ ಬತ್ತಳಿಕೆಯನ್ನು ಸೇರುತ್ತಾಳೆ.

ನಾಗಸಭೆಯ ವಾದ

ಗೆದ್ದು ಅರಮನೆಗೆ ಬಂದ ಮಗನಿಂದ ಸುದ್ದಿ ಕೇಳಿದ ಚಿತ್ರಾಂಗದೆ ಮತ್ತು ಉಲೂಪಿಯರು ಶೋಕದಲ್ಲಿ ಮುಳುಗುತ್ತಾರೆ. ಪಾತಾಳದಲ್ಲಿ ಶೇಷನ ಬಳಿ ಸಂಜೀವಕ ಮಣಿಯಿದೆ, ಅದು ದೊರೆತರೆ ಅರ್ಜುನನು ಬದುಕುತ್ತಾನೆ ಎಂದು ಉಲೂಪಿಯು ತಿಳಿಸುತ್ತಾಳೆ. ಪುಂಡರೀಕನೆಂಬ ನಾಗನು ದೂತನಾಗಿ ಪಾತಾಳಕ್ಕೆ ಹೋಗುತ್ತಾನೆ.

ಶೇಷನು ಮಣಿಯನ್ನು ಕೊಡಲು ಒಪ್ಪುತ್ತಾನೆ. ಕೃಷ್ಣನಿಗೆ ಪ್ರಿಯನಾದವನ ಪ್ರಾಣ ಉಳಿಸುವುದಕ್ಕಿಂತ ಮಣಿಗೆ ಬೇರೆ ಸಾರ್ಥಕತೆಯಿಲ್ಲವೆಂಬುದು ಅವನ ನಿಲುವು. ಆದರೆ ಧೃತರಾಷ್ಟ್ರನೆಂಬ ನಾಗನು ವಿರೋಧಿಸುತ್ತಾನೆ. (ಇವನು ಕೌರವರ ತಂದೆಯಲ್ಲ, ಅದೇ ಹೆಸರಿನ ಸರ್ಪ.) ಮಣಿಯು ನಾಗರ ಜೀವರಕ್ಷೆ, ಅದನ್ನು ಮನುಷ್ಯರ ಕೈಗೆ ಕೊಟ್ಟರೆ ನಾಗಕುಲಕ್ಕೆ ಆಪತ್ತು ಬಂದಾಗ ಕಾಯುವವರಾರು, ಉಪಕಾರ ಪಡೆದ ಮನುಷ್ಯರು ಅದನ್ನು ನೆನೆಯುವರೆಂಬ ಭರವಸೆಯೇನು ಎಂಬುದು ಅವನ ವಾದದ ತಿರುಳು. ಸಭೆಯಲ್ಲಿ ಈ ವಾದವೇ ನಿಲ್ಲುತ್ತದೆ. ದೂತನು ಬರಿಗೈಯಲ್ಲಿ ಹಿಂತಿರುಗುತ್ತಾನೆ.

ಪಾತಾಳದ ಯುದ್ಧ ಮತ್ತು ಪುನರುಜ್ಜೀವನ

ಕೇಳಿದರೆ ದೊರೆಯದ ಮಣಿಯನ್ನು ಗೆದ್ದು ತರಲು ಬಭ್ರುವಾಹನನು ಪಾತಾಳಕ್ಕೆ ದಂಡೆತ್ತಿ ಹೋಗುತ್ತಾನೆ. ನಾಗಸೈನ್ಯ ಸೋಲುತ್ತದೆ. ಶೇಷನು ಧೃತರಾಷ್ಟ್ರನ ಹಟವೇ ಈ ನಾಶಕ್ಕೆ ಕಾರಣವೆಂದು ಹಳಿದು ಮಣಿಯನ್ನು ಒಪ್ಪಿಸುತ್ತಾನೆ.

ಆದರೆ ಮಣಿ ದೊರೆತ ಮಾತ್ರಕ್ಕೆ ಕಾರ್ಯ ಮುಗಿಯುವುದಿಲ್ಲ. ಧೃತರಾಷ್ಟ್ರನು ಮುಯ್ಯಿ ತೀರಿಸಿಕೊಳ್ಳಲು ತನ್ನ ಮಕ್ಕಳಾದ ದುರ್ಬುದ್ಧಿ ಮತ್ತು ದುಸ್ಸ್ವಭಾವರ ಮೂಲಕ ರಣರಂಗದಲ್ಲಿದ್ದ ಅರ್ಜುನನ ಶಿರವನ್ನು ಕದಿಸುತ್ತಾನೆ. ಮಣಿ ಕೈಯಲ್ಲಿದ್ದರೂ ಬದುಕಿಸಬೇಕಾದ ದೇಹ ಪೂರ್ಣವಾಗಿಲ್ಲ. ಈ ಹೊತ್ತಿಗೆ ಕೃಷ್ಣನು ಕುಂತಿ, ಭೀಮ ಮೊದಲಾದವರೊಡನೆ ಗರುಡನ ಮೇಲೆ ಬರುತ್ತಾನೆ. ತನ್ನ ಬ್ರಹ್ಮಚರ್ಯವು ಅಳಿಯದಿದ್ದುದಾದರೆ ಶಿರವು ಮರಳಲಿ, ಕದ್ದವರು ಅಳಿಯಲಿ ಎಂದು ಅವನು ನುಡಿಯಲು ಹಾಗೆಯೇ ಆಗುತ್ತದೆ. ಅನಂತರ ಮಣಿಯ ಸ್ಪರ್ಶದಿಂದ ವೃಷಕೇತುವೂ ಅರ್ಜುನನೂ ಜೀವ ಪಡೆಯುತ್ತಾರೆ. ತಂದೆ ಮಕ್ಕಳು ಒಂದಾಗುತ್ತಾರೆ. ಕುದುರೆ ಮುಂದೆ ಸಾಗುತ್ತದೆ.

ಎರಡು ಪಾಠಗಳ ವ್ಯತ್ಯಾಸ

ಎರಡೂ ಪಾಠಗಳ ಮುಖ್ಯ ಭೇದಗಳು ಹೀಗಿವೆ:

• ವ್ಯಾಸಭಾರತದಲ್ಲಿ ಮಣಿಯು ಉಲೂಪಿಯ ಸ್ಮರಣೆಗೆ ಬರುತ್ತದೆ. ಜೈಮಿನಿ ಭಾರತದಲ್ಲಿ ಅದಕ್ಕಾಗಿ ದೌತ್ಯವೂ ಯುದ್ಧವೂ ನಡೆಯುತ್ತವೆ.
• ವ್ಯಾಸಭಾರತದಲ್ಲಿ ಯುದ್ಧವನ್ನು ಹೂಡುವವಳು ಉಲೂಪಿ. ಜೈಮಿನಿಯಲ್ಲಿ ಅರ್ಜುನನ ಕಟುನುಡಿಯೇ ಯುದ್ಧಕ್ಕೆ ಕಾರಣ.
• ವ್ಯಾಸಭಾರತದಲ್ಲಿ ಶಾಪವು ವಸುಗಳದು. ಜೈಮಿನಿಯಲ್ಲಿ ಜ್ವಾಲೆಯ ಪ್ರೇರಣೆಯಿಂದ ಗಂಗೆಯು ಕೊಟ್ಟದ್ದು.
• ವ್ಯಾಸಭಾರತದಲ್ಲಿ ಕೃಷ್ಣನು ಈ ಸನ್ನಿವೇಶದಲ್ಲಿಲ್ಲ. ಜೈಮಿನಿಯಲ್ಲಿ ಅವನಿಲ್ಲದೆ ಮಣಿಯು ಫಲಿಸುವುದಿಲ್ಲ.

ಕಥೆಯಲ್ಲಿ ಮಣಿಯ ಸ್ಥಾನ

ವ್ಯಾಸಭಾರತದಲ್ಲಿ ಮಣಿಯು ಒಂದು ಸಾಧನ ಮಾತ್ರ. ಜೈಮಿನಿ ಪರಂಪರೆಯಲ್ಲಿ ಅದಕ್ಕೆ ಒಡೆಯರಿದ್ದಾರೆ. ಆ ಒಡೆಯರಿಗೆ ಭಯವಿದೆ. ನಾಗ ಧೃತರಾಷ್ಟ್ರನನ್ನು ಕಾವ್ಯವು ದುಷ್ಟನೆಂದೇ ಚಿತ್ರಿಸಿದರೂ ಅವನ ಮಾತಿನಲ್ಲಿ ಹುರುಳಿಲ್ಲದಿಲ್ಲ. ಖಾಂಡವವನ ದಹನದಲ್ಲಿ ನಾಗರಿಗೆ ಆಶ್ರಯವಾಗಿದ್ದ ಕಾಡನ್ನು ಸುಡಲು ಅಗ್ನಿಗೆ ನೆರವಾದವನು ಅರ್ಜುನನೇ. ಅಂಥವನಿಗಾಗಿ ತಮ್ಮ ಕುಲದ ರಕ್ಷೆಯನ್ನು ಕೈಬಿಡಬೇಕೆಂಬುದು ನಾಗರ ಪಾಲಿಗೆ ಸುಲಭದ ಮಾತಲ್ಲ. ಒಂದು ರಾಜ್ಯಕ್ಕೆ ತನ್ನ ಭದ್ರತೆ ಮುಖ್ಯವೋ, ಬೇಡಿ ಬಂದವರ ಪ್ರಾಣ ಮುಖ್ಯವೋ ಎಂಬ ಪ್ರಶ್ನೆಯನ್ನು ಕಥೆಯು ಹೀಗೆ ಎತ್ತುತ್ತದೆ.

ಅದಕ್ಕೆ ದೊರೆಯುವ ಉತ್ತರವು ಎರಡು ಹಂತದ್ದು. ಮೊದಲನೆಯದಾಗಿ, ಕಾಪಾಡಿಕೊಳ್ಳಲೆಂದು ಬಚ್ಚಿಟ್ಟ ಮಣಿಯೇ ನಾಗರಾಜ್ಯಕ್ಕೆ ಯುದ್ಧವನ್ನು ತರುತ್ತದೆ. ಸ್ನೇಹದಿಂದ ಕೊಡಬಹುದಾಗಿದ್ದುದನ್ನು ಸೋತು ಕೊಡಬೇಕಾಗುತ್ತದೆ. ಎರಡನೆಯದಾಗಿ, ಬಲದಿಂದ ಪಡೆದ ಮಣಿಯು ಗೆದ್ದವನಿಗೂ ಒಡನೆಯೇ ಒದಗುವುದಿಲ್ಲ. ಶಿರವು ಕಳವಾಗಿ ಬಭ್ರುವಾಹನನ ಗೆಲವು ವ್ಯರ್ಥವಾಗುವಂತಾಗುತ್ತದೆ. ಕೊನೆಗೆ ಎಲ್ಲವನ್ನೂ ಸರಿಪಡಿಸುವುದು ಕೃಷ್ಣನ ಸತ್ಯವಾಕ್ಯ. ರತ್ನದ ಶಕ್ತಿಗಿಂತ ದೈವಾನುಗ್ರಹವು ಹಿರಿದೆಂಬ ಭಕ್ತಿಕಾವ್ಯದ ನಿಲುವು ಇಲ್ಲಿ ಸ್ಪಷ್ಟವಾಗಿದೆ.

ಇತರ ದಿವ್ಯಮಣಿಗಳೊಡನೆ ಹೋಲಿಕೆ

ಭಾರತೀಯ ಪುರಾಣಗಳಲ್ಲಿ ರಕ್ಷಣೆಯ ಶಕ್ತಿಯುಳ್ಳ ಇತರ ಮಣಿಗಳೂ ಪ್ರಸಿದ್ಧವಾಗಿವೆ.

ಶಮಂತಕ ಮಣಿಯು ಸೂರ್ಯನು ಸತ್ರಾಜಿತನಿಗೆ ಕೊಟ್ಟುದು. ಭಾಗವತದ ಪ್ರಕಾರ ಅದು ದಿನಕ್ಕೆ ಎಂಟು ಭಾರ ಚಿನ್ನವನ್ನು ಕೊಡುತ್ತಿತ್ತು; ಅದನ್ನು ಪೂಜಿಸುವ ಸ್ಥಳದಲ್ಲಿ ಕ್ಷಾಮ, ರೋಗ, ಅಕಾಲಮರಣಗಳು ಇರುತ್ತಿರಲಿಲ್ಲ. ಇಂಥ ಮಣಿ ರಾಜನ ಬಳಿ ಇರಲೆಂದು ಕೃಷ್ಣನು ಕೇಳಿದುದೇ ಅವನ ಮೇಲೆ ಕಳವಿನ ಅಪವಾದ ಬರಲು ದಾರಿಯಾಯಿತು. ಗಣೇಶನ ಚೌತಿಯಂದು ಚಂದ್ರನನ್ನು ನೋಡಿದವರು ಅಪವಾದ ಬಾರದಿರಲೆಂದು ಈ ಕಥೆಯನ್ನು ಕೇಳುವ ರೂಢಿ ಕರ್ನಾಟಕದಲ್ಲಿದೆ. ಶ್ರೀಕೃಷ್ಣದೇವರಾಯನ ಸಂಸ್ಕೃತ ನಾಟಕ 'ಜಾಂಬವತೀ ಕಲ್ಯಾಣ'ದ ವಸ್ತುವೂ ಈ ಕಥೆಗೆ ಸೇರಿದುದು.

ಅಶ್ವತ್ಥಾಮನ ಶಿರೋಮಣಿಯು ಹುಟ್ಟಿನಿಂದಲೇ ಅವನ ತಲೆಯಲ್ಲಿದ್ದುದು. ಅದನ್ನು ಧರಿಸಿದವನಿಗೆ ಆಯುಧ, ರೋಗ, ಹಸಿವುಗಳ ಭಯವಿಲ್ಲ. ಉಪಪಾಂಡವರ ಕೊಲೆಯ ನಂತರ ಅವನು ಅದನ್ನು ಒಪ್ಪಿಸಬೇಕಾಯಿತು. ದ್ರೌಪದಿಯ ಇಚ್ಛೆಯಂತೆ ಯುಧಿಷ್ಠಿರನು ಅದನ್ನು ತಲೆಯಲ್ಲಿ ಧರಿಸಿದನು.

ಶಿರೋಮಣಿಯು ಧರಿಸಿದ ಒಬ್ಬನನ್ನು ಕಾಯುತ್ತದೆ. ಶಮಂತಕವು ತಾನಿರುವ ನಾಡನ್ನು ಕಾಯುತ್ತದೆ. ಸಂಜೀವಕವು ಒಂದು ಕುಲವನ್ನು ಕಾಯುತ್ತದೆ. ಮೂರು ಕಥೆಗಳಲ್ಲಿಯೂ ಮಣಿಯು ಒಡೆಯನ ಕೈಬಿಟ್ಟು ಹೋಗುವುದೇ ಮುಖ್ಯ ಘಟನೆ.

ಕಡೂರು, ತರೀಕೆರೆ ಸೀಮೆಯ ನಂಟು

ಭಾರತ ಕಥೆಗಳಿಗೆ ಈ ಸೀಮೆಯಲ್ಲಿ ಲಕ್ಷ್ಮೀಶನಿಗಿಂತಲೂ ಹಿಂದಿನ ಪರಂಪರೆಯಿದೆ. ತರೀಕೆರೆ ತಾಲ್ಲೂಕಿನ ಅಮೃತಾಪುರದ ಅಮೃತೇಶ್ವರ ದೇವಾಲಯವನ್ನು ಹೊಯ್ಸಳ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ, ಅಮೃತೇಶ್ವರ ದಂಡನಾಯಕನು ಕಟ್ಟಿಸಿದನು. ಇಲ್ಲಿಯ ಶಾಸನವನ್ನು ರಚಿಸಿದವನು ಕವಿ ಜನ್ನ. ದೇವಾಲಯದ ತೆರೆದ ಮಂಟಪದ ಹೊರಗೋಡೆಯ ದಕ್ಷಿಣ ಭಾಗದಲ್ಲಿ ರಾಮಾಯಣದ 70 ಫಲಕಗಳೂ ಉತ್ತರ ಭಾಗದಲ್ಲಿ ಕೃಷ್ಣಕಥೆಯ 25 ಮತ್ತು ಮಹಾಭಾರತದ 45 ಫಲಕಗಳೂ ಇವೆ. ಕಡೂರು, ತರೀಕೆರೆ, ಅಜ್ಜಂಪುರಗಳನ್ನು ಒಳಗೊಂಡ ಈ ಸೀಮೆಯ ಒಂದು ಕಡೆ ಕಲ್ಲಿನಲ್ಲಿ ಮೂಡಿದ ಭಾರತವಿದ್ದರೆ, ಇನ್ನೊಂದು ಕಡೆ ದೇವನೂರಿನಲ್ಲಿ ಹಾಡುಗಬ್ಬವಾದ ಭಾರತವಿದೆ.

ಮುದ್ರಣ, ರಂಗಭೂಮಿ ಮತ್ತು ಚಲನಚಿತ್ರ

ಡೇನಿಯಲ್ ಸ್ಯಾಂಡರ್ಸನ್ ಎಂಬ ವೆಸ್ಲಿಯನ್ ಪಾದ್ರಿಯು 1852ರಲ್ಲಿ ಬೆಂಗಳೂರಿನಿಂದ ಜೈಮಿನಿ ಭಾರತವನ್ನು ಇಂಗ್ಲಿಷ್ ಅನುವಾದ ಮತ್ತು ಟಿಪ್ಪಣಿಗಳೊಡನೆ ಪ್ರಕಟಿಸಿದನು. ಯಕ್ಷಗಾನದಲ್ಲಿ 'ಬಭ್ರುವಾಹನ ಕಾಳಗ'ವು ಜನಪ್ರಿಯ ಪ್ರಸಂಗ.

1977ರಲ್ಲಿ ತೆರೆಕಂಡ 'ಬಭ್ರುವಾಹನ' ಚಲನಚಿತ್ರವನ್ನು ಹುಣಸೂರು ಕೃಷ್ಣಮೂರ್ತಿ ನಿರ್ದೇಶಿಸಿದರು. ಅರ್ಜುನ ಮತ್ತು ಬಭ್ರುವಾಹನ ಎರಡೂ ಪಾತ್ರಗಳನ್ನು ರಾಜ್‌ಕುಮಾರ್ ನಿರ್ವಹಿಸಿದರು; ಬಿ. ಸರೋಜಾದೇವಿ ಚಿತ್ರಾಂಗದೆಯಾಗಿಯೂ ಕಾಂಚನಾ ಉಲೂಪಿಯಾಗಿಯೂ ನಟಿಸಿದರು. ಕಾವ್ಯವನ್ನು ಓದದ ಅನೇಕ ಕನ್ನಡಿಗರಿಗೆ ಈ ಕಥೆ ಪರಿಚಯವಾದುದು ಈ ಚಿತ್ರದಿಂದ.

ಆಧುನಿಕ ಕಲ್ಪನಾಕಥೆಗಳಲ್ಲಿ

ರಾಜ್ಯವನ್ನು ಕಾಯುವ ಮಣಿಯ ಆಶಯವು ಇಂದಿನ ವಿಡಿಯೊ ಗೇಮ್‌ಗಳಲ್ಲಿಯೂ ಸಾಮಾನ್ಯವಾಗಿದೆ. ಜಪಾನಿನ ಸ್ಕ್ವೇರ್ ಎನಿಕ್ಸ್ ಸಂಸ್ಥೆಯು 2016ರಲ್ಲಿ ಹೊರತಂದ 'ಫೈನಲ್ ಫ್ಯಾಂಟಸಿ 15' ಇದಕ್ಕೊಂದು ನಿದರ್ಶನ. ಅದರಲ್ಲಿ ಲೂಸಿಸ್ ಎಂಬ ರಾಜ್ಯದ ರಾಜಧಾನಿಯನ್ನು ದಿವ್ಯ ಸ್ಫಟಿಕವೊಂದರ ಶಕ್ತಿಯಿಂದ ಎದ್ದ ಮಾಯಾಗೋಡೆ ಕಾಯುತ್ತದೆ. ಆ ಶಕ್ತಿಯನ್ನು ಉಂಗುರದ ಮೂಲಕ ಬಳಸುವ ಅರಸನ ಆಯುಷ್ಯ ಕ್ಷಯಿಸುತ್ತದೆ. ನೆರೆಯ ನಿಫ್ಲ್‌ಹೈಮ್ ಸಾಮ್ರಾಜ್ಯವು ಸ್ಫಟಿಕಕ್ಕಾಗಿಯೇ ದಾಳಿ ಮಾಡುತ್ತದೆ. ಈ ಗೇಮ್‌ನಲ್ಲಿ ಆಡುವವನು ಮಣಿಯನ್ನು ಕಳೆದುಕೊಂಡ ರಾಜ್ಯದ ಪಕ್ಷದಲ್ಲಿರುತ್ತಾನೆ. ಜೈಮಿನಿ ಭಾರತದಲ್ಲಿ ಓದುಗನು ಮಣಿಯನ್ನು ತರಲು ಹೋದವನ ಪಕ್ಷದಲ್ಲಿರುತ್ತಾನೆ. ಆದರೂ ಕಳೆದುಕೊಳ್ಳುವ ನಾಗರ ವಾದವನ್ನು ಕಾವ್ಯವು ಸಭೆಯ ನಡುವೆ ನಿಲ್ಲಿಸಿ ಕೇಳಿಸುತ್ತದೆ.

ಇವನ್ನೂ ನೋಡಿ

• ಲಕ್ಷ್ಮೀಶ
• ಜೈಮಿನಿ ಭಾರತ
• ಬಭ್ರುವಾಹನ
• ಉಲೂಪಿ
• ಶಮಂತಕ ಮಣಿ
• ಅಮೃತೇಶ್ವರ ದೇವಾಲಯ, ಅಮೃತಾಪುರ